ಬಾಯಿಲೆಕ್ಕ

ಸೊಲ್ಲಾಪುರದ ಗಿರಣಿ, ಮೇನ್‌ಫ್ರೇಮ್ ಖೋಲಿ, ರಾತ್ರಿಪಾಳಿ.
ಪಗಾರದ ಪಟ್ಟಿ ಹೊಂದಿಸುವಾಗೆಲ್ಲ
ಡಿಸ್ಕು ಗರಗರ ತಿರುಗಿ, ಬರೆದು, ಓದಿ, ಅಳಿಸಿ,
ಬೆಳಗಿನ ಭೋಂಗಾ ಆದರೂ ಮುಗಿಯುತ್ತಿರಲಿಲ್ಲ.

ಇವತ್ತು ಒಂದೇ ಸಾಲು ತಿದ್ದಿದೆ:
ನಡುವಿನ ಕಚ್ಚಾ ಲೆಕ್ಕ ಡಿಸ್ಕಿಗೆ ಬೇಡ,
ಮೆಮೊರಿಯಲ್ಲೇ ಇರಲಿ.
ಖೋಲಿ ಗಪ್ಪಾಯಿತು.

ಅವ್ವ ನೆನಪಾದಳು,
ತಂಬಾಕಿನ ಮೊರ ತೊಡೆಯ ಮೇಲೆ;
ಬೀಡಿ ಸುತ್ತುತ್ತ ತುಟಿಯೊಳಗೇ ಎಣಿಸಿ,
ಇಪ್ಪತ್ತೈದಕ್ಕೆ ದಾರ ಬಿಗಿದು,
ಎಣಿಸಿದ್ದನ್ನು ಅಲ್ಲೇ ಮರೆಯುವವಳು.
ಕಾರ್ಡಿಗೆ ಏರುವುದು ಸಂಜೆಯ ಸಾವಿರ, ಅಷ್ಟೇ.

"ನಡುವ ಯಾರರೆ ಮಾತಾಡಿಸಿದರ?"
"ಕಟ್ಟಿದ ಕಟ್ಟು ಬಿಚ್ಚತದೇನು?
ಕೈಯಾಗಿಂದಷ್ಟ ಮತ್ತ ಎಣಸೂದು."

ಮೂರೂವರೆಗೆ ಲೈಟು ಹೋಗಿ ಬಂತು.
ಕಚ್ಚಾ ಲೆಕ್ಕವೆಲ್ಲ ಹಾರಿಹೋಗಿತ್ತು.
ನಾನೂ ಮೊದಲಿನಿಂದ ಹಚ್ಚಿದೆ.
ಭೋಂಗಾ ಆಗುವಷ್ಟರಲ್ಲಿ
ಎರಡನೇ ಚಹಾ ಕುಡಿದಾಗಿತ್ತು,
ಬಶಿಗೆ ಸುರುವಿಕೊಂಡು, ಸಾವಕಾಶ.