ಹಿಮ್ಮುಖ

ಅಲ್ ಐನಿನಲ್ಲಿ ಹೊರಗೆ ನಲವತ್ತೇಳು ಡಿಗ್ರಿ.
ಒಳಗೆ ನಾನು, ಇದಿನಬ್ಬ, ಸ್ವೆಟರ್ ತೊಟ್ಟು
ಐಸು ನುಣುಪು ಮಾಡುವ ಗಾಡಿ ಓಡಿಸುತ್ತೇನೆ.

ಕೋಚ್ ತಾಪಿಯೊ ಫಿನ್ಲೆಂಡಿನವ.
ಹದಿನೆಂಟು ವರ್ಷ ಡಿಫೆನ್ಸ್, ಏಳು ಊರು,
ಹೊಡೆದದ್ದು ಒಟ್ಟು ಹನ್ನೊಂದು ಗೋಲು.
ತಡೆದದ್ದೆಷ್ಟು, ಕೇಳಿದೆ.
‘ಅದನ್ನು ಯಾರು ಬರೆದಿಡ್ತಾರೆ?’
ನಕ್ಕರೆ ಎರಡು ಹಲ್ಲಿನ ಜಾಗ ಖಾಲಿ.

ಮಕ್ಕಳಿಗೆ ಮೊದಲ ಪಾಠ
ಹಿಂದಕ್ಕೆ ಜಾರುವುದು:
ಬರುವವನ ಎದೆ ನೋಡು, ಬಿಲ್ಲೆಯನ್ನಲ್ಲ;
ಬೆನ್ನು ಮಾತ್ರ ತೋರಿಸಬೇಡ.

ರಾತ್ರಿ, ಗಾಡಿ ಕೆರೆದ ಹಿಮವನ್ನೆಲ್ಲ
ಹಿಂಬಾಗಿಲ ಮರಳಿಗೆ ಸುರಿಯುತ್ತೇನೆ.
ಬೆಕ್ಕುಗಳು ಓಡಿಬಂದು ನೆಕ್ಕುತ್ತವೆ.
ಅವನೂ ಬರುತ್ತಾನೆ,
ಒಂದು ಹಿಡಿ ಎತ್ತಿ
ಮಂಡಿಗೆ ಒತ್ತಿಕೊಳ್ಳುತ್ತಾನೆ,
ನೀರಾಗುವ ತನಕ ಮಾತಿಲ್ಲ.

ಆಮೇಲೆ ಕಂಬಿ ಹಿಡಿದು
ಮೆಟ್ಟಿಲಿಳಿಯುತ್ತಾನೆ,
ಒಂದೊಂದಾಗಿ, ಹಿಮ್ಮುಖವಾಗಿಯೇ,
ನನ್ನತ್ತ ನೋಡುತ್ತ.