ಅರವತ್ತು ಡಿಗ್ರಿ

ಯೆಲ್ ದ್ವೀಪದಲ್ಲಿ ಗಾಳಿಗೇನೂ ಬರವಿಲ್ಲ.
ಹೋದ ನವೆಂಬರಿನಲ್ಲಿ ಹಗ್ಗದಿಂದ ಹಾರಿದ ದಿಂಬಿನ ಚೀಲ
ಮೇ ತಿಂಗಳಲ್ಲಿ ಸಿಕ್ಕಿತು,
ಉರುವಲಿಗೆ ಕರಿಮಣ್ಣು ಅಗೆದ ಹೊಂಡದಲ್ಲಿ;
ಒಳಗೊಂದು ಕಪ್ಪೆ ಸಂಸಾರ ಹೂಡಿತ್ತು.
ಅದಕ್ಕೇ ಡ್ರೈಯರು.
ಡ್ರೈಯರಿನ ಕರೆಂಟು ಬಿಲ್ಲು ನೋಡಿ
ಮ್ಯಾಗ್ನಿ ಊಟದ ತನಕ ಮಾತಾಡಲಿಲ್ಲ.

"ಉಣ್ಣೆಯ ಉಂಡೆ ಹಾಕಿ ನೋಡು, ಬೇಗ ಒಣಗುತ್ತೆ,"
ಅಂದಳು ದೋಣಿಕಟ್ಟೆಯಲ್ಲಿ ಟಿಕೆಟ್ಟು ಹರಿಯುವವಳು.

ಓಸ್ಲಾ, ನನ್ನ ಅತ್ತೆ, ಬುಟ್ಟಿ ತಂದು ಮೇಜಿಗೆ ಸುರಿದಳು.
ಐವತ್ತು ವರ್ಷದ ಅಳಿದುಳಿದ ನೂಲು:
ಪಾಚಿ ಹಸಿರು, ಕುರಿಯದೇ ಕಂದು,
ಯಾರದೋ ಮದುವೆಗೆಂದು ಶುರುವಾಗಿ
ಮದುವೆಯೇ ಮುರಿದು ನಿಂತ ಒಂದು ಬಿಳಿ.
ಅವಳ ಬೆರಳಿಗೆ ಈಗ ಹೆಣಿಗೆ ಕಡ್ಡಿ ನಿಲ್ಲುವುದಿಲ್ಲ.
ಸುತ್ತಲು ಬರುತ್ತದೆ.
ಹೆಬ್ಬೆರಳಿಗೆ ಸುತ್ತಿ, ಕಳಚಿ, ಅಡ್ಡಲಾಗಿ ಸುತ್ತಿ
ಮೊದಲು ಕೋಳಿಮೊಟ್ಟೆ, ಆಮೇಲೆ ಬಾತುಮೊಟ್ಟೆ,
ಆಮೇಲೆ ಈ ದ್ವೀಪದ ಯಾವ ಹಕ್ಕಿಯೂ ಇಡಲಾರದ್ದು.
ನನ್ನ ಹರಿದ ಕಾಲುಚೀಲದೊಳಕ್ಕೆ ಒಂದೊಂದೇ ತುರುಕಿ
ನಡುನಡುವೆ ಗಂಟು ಬಿಗಿದೆ.

ಒಂದು ಮಾತ್ರ ಮೊದಲ ಸಲ ಕೈಕೊಟ್ಟಿತ್ತು. ಲರ್ವಿಕ್ಕಿನ ಅಂಗಡಿಯ ನೂಲು,
'ಮೆಷೀನಿಗೆ ಹಾಕಬಹುದು' ಎಂಬ ಚೀಟಿ ಅಂಟಿಸಿಕೊಂಡು ಬಂದದ್ದು.
ಎರಡು ಬಾರಿ ಬೆಂದರೂ ಎಳೆಗೆ ಎಳೆ ಹತ್ತಲಿಲ್ಲ,
ಸಾರಿನಿಂದೆತ್ತಿದ ಶಾವಿಗೆ.
"ಕುರಿಯನ್ನೇ ಮರೆತ ಉಣ್ಣೆ," ಅಂದು
ಓಸ್ಲಾ ಬೆಕ್ಕಿಗೆ ಎಸೆದಳು.

ಈಗ ಮೆಷೀನಿನ ಗುಂಡಿಯ ಮುಂದೆ
ನನ್ನ ಕೈ ತಡೆಯಿತು.

ಮದುವೆಯಾದ ಮೂರನೆಯ ವಾರ, ಇದೇ ಅಡುಗೆಮನೆ.
ಇಡೀ ಚಳಿಗಾಲ ಕೂತು ಅವಳು ಮಗನಿಗೆ ಹೆಣೆದ ಸ್ವೆಟರನ್ನು
ಬಿಸಿನೀರಿಗೆ ಹಾಕಿದ್ದೆ. ಗ್ಲಾಸ್ಗೋದ ಹುಡುಗಿ, ನನಗೇನು ಗೊತ್ತು.
ಹೊರಬಂದಾಗ ತೋಳು ನನ್ನ ಗೇಣುದ್ದ;
ಎದೆಯ ಮೇಲಿನ ನಕ್ಷತ್ರಗಳೆಲ್ಲ
ಮುಷ್ಟಿ ಬಿಗಿದಿದ್ದವು.
ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.
ಮುಟ್ಟಿ ನೋಡಿದಳು, ಹೊರಗೆ ಹೋದಳು,
ತಾಯಿ ಸತ್ತ ಕುರಿಮರಿಯೊಂದಕ್ಕೆ ತೊಡಿಸಿದಳು.
ಆ ವಸಂತ ಪೂರ್ತಿ
ನನ್ನ ತಪ್ಪು ನಾಲ್ಕು ಕಾಲಲ್ಲಿ ಅಂಗಳವೆಲ್ಲ ಕುಣಿಯಿತು,
ಬಂದ ಬಂದವರ ಕೈ ನೆಕ್ಕಿತು.

"ಎಷ್ಟಕ್ಕಿಡಲಿ?" ಅಂದೆ, ಅವಳ ಮುಖ ನೋಡದೆ.
"ಆವತ್ತು ಎಷ್ಟಕ್ಕಿಟ್ಟಿದ್ದೆ?"
"ಅರವತ್ತು."
"ಮತ್ತೆ ಕೇಳೋದೇನು," ಅಂದಳು ಓಸ್ಲಾ.
ಸ್ವಲ್ಪ ಹೊತ್ತು ಬಿಟ್ಟು,
"ಆ ಮರಿಗೆ ಒಂದು ದಿನವೂ ಚಳಿಯಾಗಲಿಲ್ಲ."

ಈಗ ರಾತ್ರಿ ಬಟ್ಟೆಯ ನಡುವೆ ಆರು ಉಂಡೆ
ದಬ್, ದಬ್, ಎದ್ದು ಬೀಳುತ್ತವೆ.
ಯಾರೋ ಬಂದರು ಅಂತ
ಮ್ಯಾಗ್ನಿ ಪ್ರತಿ ಸಲ ಹೋಗಿ ಬಾಗಿಲು ತೆಗೆಯುತ್ತಾನೆ.
ಗಾಳಿ. ಬರಿಗೈಯಲ್ಲಿ ನಿಂತಿರುತ್ತದೆ,
ಕೆಲಸ ಕೇಳಿಕೊಂಡು ಬಂದಂತೆ.