ಒಣಗಾಲದ ಗಾಜುಪಟ್ಟಿ

ಫೆಬ್ರವರಿ. ಬಾನಿ ನದಿಯ ಈ ದಡದಲ್ಲಿ
ಸೊಳ್ಳೆಯೊಂದನ್ನು ಕಂಡು ಮೂರು ತಿಂಗಳಾಯಿತು.
ಉತ್ತರದ ಧೂಳುಗಾಳಿ ನನ್ನ ಸೂಕ್ಷ್ಮದರ್ಶಕದ ಕಣ್ಣಿಗೂ
ಪೊರೆ ತರಿಸಿದೆ; ತಲೆವಸ್ತ್ರದ ತುದಿಯಿಂದ ಒರೆಸುತ್ತೇನೆ.

ಝುಮಾನಾ. ವಯಸ್ಸು ಒಂಬತ್ತು. ಜ್ವರವಿಲ್ಲ.
ಬೆರಳು ಚುಚ್ಚಿಸಿಕೊಂಡು, ಹತ್ತಿ ಒತ್ತಿಕೊಂಡೇ
ಚೆಂಡಿನ ಹಿಂದೆ ಓಡಿದ. ಅವನಮ್ಮ ನಸ್ಸಿರಾ
ಹಿಟ್ಟಿನ ಕೈ ಸೊಂಟಕ್ಕಿಟ್ಟು ಕೇಳುತ್ತಾಳೆ:
"ಗುಂಡುಕಲ್ಲಿನಂತಿರುವ ಹುಡುಗನ ರಕ್ತದಲ್ಲಿ
ತಿಂಗಳು ತಿಂಗಳೂ ಏನು ಹುಡುಕುತ್ತೀಯೇ, ತೆನಿನ್?"

ನೂರು ನೋಟ ಖಾಲಿ. ನೂರೈವತ್ತು, ಖಾಲಿ.
ನೂರೆಂಬತ್ತಮೂರನೆಯದರಲ್ಲಿ
ಒಂದು ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು.
ಉಂಗುರ ದಪ್ಪಗಿದೆ. ಎಳೆಯದಲ್ಲ.
ಈ ವಯಸ್ಸಿಗೆ ಎಲ್ಲೋ ಗೋಡೆ ಹಿಡಿದು
ಮರೆಯಾಗಿರಬೇಕಿತ್ತು, ಹೀಗೆ ಬೀದಿಯಲ್ಲಿ ತಿರುಗದೆ.

ಮಳೆಗಾಲದಲ್ಲಿ ಇದರ ಬಳಗ ಹೀಗಿರಲಿಲ್ಲ.
ಹೊಕ್ಕ ಕಣದ ಮೈಮೇಲೆ
ಪ್ರೋಟೀನಿನ ಕೊಕ್ಕೆ ಚಾಚಿ
ರಕ್ತನಾಳದ ಗೋಡೆಗೆ ಜೋತುಬಿದ್ದಿತ್ತು,
ಗುಲ್ಮದ ಜರಡಿಗೆ ಸಿಗದೆ,
ಒಂದು ಹತ್ತಾಗಿ, ಹತ್ತು ನೂರಾಗಿ.
ಅಕ್ಟೋಬರಿನಲ್ಲಿ ಇದೇ ಹುಡುಗ ಅಮ್ಮನ ತೊಡೆಯ ಮೇಲೆ
ಕಣ್ಣು ತೇಲಿಸಿಕೊಂಡು
ಇಲ್ಲದ ಆಡುಗಳನ್ನು ಹೆಸರು ಹಿಡಿದು ಕರೆದಿದ್ದ.

ಈಗ ಕೊಕ್ಕೆ ಸಡಿಲ.
ಸುಮಾರು ಅರವತ್ತು ನಮೂನೆಯ ಕೊಕ್ಕೆಗೆ ಬರಹವಿದೆಯಂತೆ ಅದರ ಬಳಿ,
ಒಂದನ್ನು ಬಿಚ್ಚಿದರೆ ಉಳಿದವು ಮಡಿಕೆಯೊಳಗೇ.
ಗಟ್ಟಿಯಾಗಿ ಹಿಡಿಯದೆ ತೇಲುತ್ತದೆ.
ಗುಲ್ಮದ ಬಾಯಿಗೆ ಹೋದವು ಹೋದವು,
ಉಳಿದವು ಇಷ್ಟೇ ಇಷ್ಟು:
ಜ್ವರ ಏರದಷ್ಟು,
ವಂಶ ಅಳಿಯದಷ್ಟು.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ.
ಇದು ಎಣಿಸುವುದಿಲ್ಲ. ಜಂತೆ ಹಿಡಿಯುವುದನ್ನೂ ಬಿಟ್ಟಿದೆ.
ಸಭ್ಯತೆ ಎನ್ನಲೇ ಇದನ್ನು?

ಹೊರಗೆ ಮಳೆ ನಿಂತಿತೆಂದು
ರಕ್ತದ ಕತ್ತಲಲ್ಲಿ ಇದಕ್ಕೆ ಹೇಳಿದವರಾರು?
ಬಮಾಕೊದಿಂದ ಬಂದ ಡಾಕ್ಟರನ್ನು ಕೇಳಿದೆ.
ಬಹಳ ಹೊತ್ತು ವಿವರಿಸಿದರು, ಬೋರ್ಡಿನ ಮೇಲೆ ಬಾಣಗಳನ್ನೆಳೆದು.
ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು
ಗೊತ್ತಿಲ್ಲ ಎಂದರು.
ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ.

ಜ್ವರ ಬಂದರೆ ಮಾತ್ರೆ. ಬಾರದಿದ್ದರೆ ಲೆಕ್ಕ, ಅಷ್ಟೇ ನಿಯಮ.
"ಇದೆಯಾ?" ಎಂದಳು ನಸ್ಸಿರಾ, ಒನಕೆ ಎತ್ತುತ್ತಲೇ.
"ಒಂದು."
"ಒಂದೇನಾ?" ನಕ್ಕಳು. "ಉಣ್ಣಲು ಕೂತಾಗ
ನಮ್ಮಲ್ಲಿ ಅಷ್ಟು ಜನ ಹೆಚ್ಚಿಗೆ ಬಂದೇ ಬರುತ್ತಾರೆ ಬಿಡು."

ಒನಕೆ ಬಿತ್ತು. ಎದ್ದಿತು.
ಬಯಲಿನಲ್ಲಿ ಯಾರೋ ಗೋಲು ಹೊಡೆದರು.
ನಾನು ಪೆನ್ಸಿಲಿನಲ್ಲಿ ಒಂದು ಎಂದು ಬರೆದು
ಪುಟಗಳನ್ನು ಹಾರಿಸಿ,
ಜೂನಿನ ಹಾಳೆಗೆ ಈಗಲೇ ಗೆರೆ ಎಳೆದಿಟ್ಟೆ.